ಎರಡು ಗೇಣು ಜಾಗ

ಡ್ರೈವರ್ ಮಾಮನ ಎಡಗೈಯ ಕಿರುಬೆರಳು ಒಳಕ್ಕೆ ಸೊಟ್ಟಗಾಗಿತ್ತು. ಎಷ್ಟು ಎಳೆದರೂ ನೆಟ್ಟಗಾಗುತ್ತಿರಲಿಲ್ಲ. ಹಾಗಾಗಿ ಗೇಣು ಹಾಕುವಾಗ ಹೆಬ್ಬೆರಳಿನಿಂದ ಉಂಗುರಬೆರಳಿನವರೆಗೆ ಅಳೆದು, ಕಡಿಮೆ ಬಿದ್ದದ್ದಕ್ಕೆ ಒಂದು ಬೆರಳು ಸೇರಿಸುತ್ತಿದ್ದರು. ತಮ್ಮ ಅಂಬಾಸಿಡರ್ ಕಾರಿನ ಮುಂದಿನ ಸೀಟಿನಲ್ಲಿ ಯಾರೇ ಕೂರಲಿ, ಅವರ ಎದೆಗೂ ಎದುರಿನ ಡ್ಯಾಶ್‌ಬೋರ್ಡಿಗೂ ನಡುವೆ ಎರಡು ಗೇಣು ಜಾಗ ಇರಲೇಬೇಕು. ಇಲ್ಲವಾದರೆ ಗಾಡಿ ಕದಲುತ್ತಿರಲಿಲ್ಲ.

ಬಳ್ಳಾರಿಯ ಪಾರ್ವತಿನಗರದಲ್ಲಿ ನಮ್ಮ ಮನೆಯಿಂದ ಮೂರನೆಯ ಮನೆ ಅವರದು. ಬಾಡಿಗೆ ಕಾರು ಓಡಿಸುತ್ತಿದ್ದರು. ಬೀದಿಯವರೆಲ್ಲ ಡ್ರೈವರ್ ಮಾಮ ಎನ್ನುತ್ತಿದ್ದೆವು. ಗೇಣು ಹಾಕಿಸಿಕೊಂಡವರು ನಗುತ್ತಿದ್ದರು. ಅಂಗಿ ಹೊಲಿಯುತ್ತೀಯೇನು ಎಂದು ಕೆಣಕುತ್ತಿದ್ದರು. ಅವರದು ಒಂದೇ ಉತ್ತರ: "ಹೊಡೆತಕ್ಕೂ ಒಂದಿಷ್ಟು ಜಾಗ ಬಿಡಬೇಕ್ರಿ."

ಎಪ್ಪತ್ತರ ದಶಕದ ಕೊನೆಯ ಒಂದು ಬೇಸಿಗೆ. ಬಾಣಂತನ ಮುಗಿಸಿದ ನನ್ನ ತಂಗಿಯನ್ನು ಸಿರುಗುಪ್ಪಕ್ಕೆ ಕರೆದೊಯ್ಯಲು ಅವಳ ಮಾವ ಬಂದರು. ಮನೆತನಕ್ಕೆ ಮೊದಲ ಗಂಡು ಮೊಮ್ಮಗ. ಹಿರಿಯರು ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಮುಂದಿನ ಸೀಟಿನಲ್ಲಿ ಕೂತೇ ಊರೊಳಗೆ ಹೋಗಬೇಕು, ಊರವರು ಗಾಜಿನೊಳಗಿಂದ ಮೊದಲು ಕೂಸಿನ ಮುಖ ನೋಡಬೇಕು ಎಂಬುದು ಅವರ ಕಡೆಯ ರೂಢಿ. ಅದರಂತೆ ಬೀಗರು ಮಗುವನ್ನು ಎತ್ತಿಕೊಂಡು ಸೀಟಿನ ತುದಿಯಲ್ಲಿ ಕೂತರು. ಡ್ರೈವರ್ ಮಾಮ ಕೀಲಿ ತೆಗೆದು ಜೇಬಿಗೆ ಹಾಕಿಕೊಂಡರು.

ಕೂಸನ್ನು ಹಿಂದೆ ತಾಯಿಯ ಹತ್ತಿರ ಕೊಡಿ ಎಂದರು. ಬೀಗರ ಮುಖ ಕೆಂಪಾಯಿತು.

"ಕಾರು ನಿಂದು ಇರಬಹುದು. ಮೊಮ್ಮಗ ನನ್ನವ."

"ನಿಮ್ಮವನ ಅಂತನ ಹೇಳಾಕತ್ತೀನ್ರಿ, ಯಜಮಾನ್ರ."

ಬೀಗರು ಮುನಿದರೆ ಆ ಮನೆಯಲ್ಲಿ ತಂಗಿಯ ಬಾಳು ಕಷ್ಟವಾಗುತ್ತದೆ. ನಾನು ಮಾಮನನ್ನು ಬದಿಗೆ ಕರೆದು, ಇವತ್ತೊಂದು ದಿನ ಬಿಟ್ಟುಬಿಡಿ ಎಂದು ಕೇಳಿದೆ. ಆಗ ನಾನು ಪತ್ರಿಕೆಯೊಂದರ ವರದಿಗಾರ.

"ನೀವು ಪೇಪರ್‌ನಾಗ ಆಕ್ಸಿಡೆಂಟ್ ಬರೀತೀರಿ. ಎಷ್ಟು ಮಂದಿ ಸತ್ರು ಅಂತ ಕೇಳ್ತೀರಿ. ಯಾರು ಎಲ್ಲಿ ಕುಂತಿದ್ರು ಅಂತ ಒಮ್ಮೆರ ಕೇಳೀರೇನು?"

ಮಾಮ ಕಾರಿನತ್ತ ಹೋಗಿ, ಬೀಗರ ಮುಂದೆ ಎಡಗೈ ಚಾಚಿದರು. ಹಲಕುಂದಿ ಹತ್ತಿರ ಒಮ್ಮೆ ಹೀಗೆಯೇ ಕೂಸು ಮುಂದಿತ್ತು ಎಂದರು. "ಬ್ರೇಕ್ ಹಾಕಿದಾಗ ಈ ಕೈ ಅಡ್ಡ ಇಟ್ಟೆ. ಸಾಲಲಿಲ್ಲ."

ಹಿಂದಿನ ಸೀಟಿನಲ್ಲಿದ್ದ ತಂಗಿ ಇಳಿದು ಬಂದಳು. ಮಾವನ ಎದುರು ತಲೆಯೆತ್ತದ ಹುಡುಗಿ, ಅವರ ಕೈಯಿಂದ ಮಗುವನ್ನು ತೆಗೆದುಕೊಂಡು ಹಿಂದೆ ಹೋಗಿ ಕೂತಳು. ನಾನೂ ಹತ್ತಿ ಅವಳ ಪಕ್ಕ ಕೂತೆ. ಬೀಗರು ಹಿಂದಕ್ಕೆ ಸರಿದ ಮೇಲೆ ಗಾಡಿ ಹೊರಟಿತು.

ಕುರುಗೋಡಿನಲ್ಲಿ ಬಸವಣ್ಣನಿಗೆ ಕಾಯಿ ಒಡೆಸಿದೆವು. ಅಲ್ಲಿಂದ ಮುಂದೆ ಬೀಗರು ಸೆಕೆಗೆ ತಲೆಯ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡರು. ಹಟಕ್ಕೋ ಏನೋ, ಮತ್ತೆ ಸೀಟಿನ ತುದಿಗೆ ಸರಿದಿದ್ದರು. ಹಿಂದಕ್ಕೆ ಸರಿಯಿರಿ ಎಂದು ಮಾಮ ಎರಡು ಸಲ ಹೇಳಿದರು. ಮೂರನೆಯ ಸಲ ಹೇಳುವಷ್ಟರಲ್ಲಿ ಕಾಲುವೆಯ ಏರಿಯಿಂದ ಭತ್ತದ ಬಂಡಿಯೊಂದು ರಸ್ತೆಗೆ ಇಳಿಯಿತು.

ಬಂಡಿಗೆ ಕಾರು ತಾಗಲಿಲ್ಲ, ಒಂದು ಮಾರು ದೂರದಲ್ಲಿ ನಿಂತಿತು. ತಂಗಿ ಮುಂದಿನ ಸೀಟಿನ ಬೆನ್ನಿಗೆ ಭುಜ ಕೊಟ್ಟು ಮಗುವನ್ನು ಹಿಡಿದಿದ್ದಳು. ಮಗು ಅತ್ತಿತು, ಅಷ್ಟೇ. ಮುಂದೆ ಬೀಗರ ತುಟಿ ಒಡೆದು ರಕ್ತ ಸುರಿಯುತ್ತಿತ್ತು. ಅವರು ಅದನ್ನು ಒರೆಸಿಕೊಳ್ಳದೆ ಕೆಳಗೆ ನೋಡುತ್ತಿದ್ದರು. ಅವರ ಎದೆಗೂ ಡ್ಯಾಶ್‌ಬೋರ್ಡಿಗೂ ನಡುವೆ ಸಿಕ್ಕ ರುಮಾಲು ರೊಟ್ಟಿಯಂತೆ ಚಪ್ಪಟೆಯಾಗಿತ್ತು.

ಅವರು ಸೀಟಿಗೆ ಬೆನ್ನು ಆನಿಸಿ, "ಅಳೆಯಪ್ಪಾ" ಎಂದರು. ಮಾಮ ಗೇಣು ಹಾಕಿದರು.

ಸಿರುಗುಪ್ಪದ ಮೊದಲ ಅಕ್ಕಿ ಗಿರಣಿ ಕಂಡಾಗ ಮಾಮ ಕಾರು ನಿಲ್ಲಿಸಿದರು. "ಇಳೀರಿ ಯಜಮಾನ್ರ. ಇನ್ನ ಮೊಮ್ಮಗನ್ನ ಎತ್ತಿಕೊಂಡು ಮುಂದ ನಡೀರಿ. ಕಾರು ನಿಮ್ಮ ಹಿಂದ ಬರ್ತೈತಿ." ತಂಗಿ ತಾನಾಗಿಯೇ ಮಗುವನ್ನು ಮಾವನ ಕೈಗೆ ಕೊಟ್ಟಳು. ಒಡೆದ ತುಟಿಯ ಹಿರಿಯರು ಬರಿದಲೆಯಲ್ಲಿ ಮೊಮ್ಮಗನನ್ನು ಎದೆಗಪ್ಪಿಕೊಂಡು ಬಜಾರು ದಾಟಿದರು. ನಾವು ಫಸ್ಟ್ ಗೇರಿನಲ್ಲಿ ಹಿಂಬಾಲಿಸಿದೆವು. ಆ ಮನೆಯಲ್ಲಿ ತಂಗಿಯನ್ನು ಯಾರೂ ಒಂದು ಮಾತು ಅನ್ನಲಿಲ್ಲ.

ಡ್ರೈವರ್ ಮಾಮ ಎಂಬತ್ತರ ದಶಕ ಮುಗಿಯುವ ಮೊದಲೇ ಕಾಮಾಲೆಯಿಂದ ತೀರಿಕೊಂಡರು. ಹಲಕುಂದಿಯ ಆ ಕೂಸು ಯಾರದೆಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಆದರೆ ಅಂದಿನಿಂದ ನಿವೃತ್ತಿಯವರೆಗೆ ಯಾವ ಅಪಘಾತದ ಸ್ಥಳಕ್ಕೆ ಹೋದರೂ ಯಾರು ಎಲ್ಲಿ ಕೂತಿದ್ದರು ಎಂದು ಕೇಳಿ ಬರೆದುಕೊಂಡೆ.

ಮೊನ್ನೆ, ಅಂದು ತಂಗಿಯ ಮಡಿಲಲ್ಲಿದ್ದ ಅದೇ ಸೋದರಳಿಯ ಹೊಸ ಕಾರು ತಂದ. ಡಿಕ್ಕಿಯಾದರೆ ಎದುರಿನಿಂದ ಗಾಳಿಚೀಲ ಸಿಡಿದು ಬರುತ್ತದೆ, ಹತ್ತಿರ ಕೂತವರಿಗೆ ಅದೇ ಹೊಡೆತವಾಗಬಹುದು, ಮಕ್ಕಳನ್ನು ಹಿಂದೆಯೇ ಕೂರಿಸಬೇಕು ಎಂದು ಜೊತೆಗೆ ಕೊಟ್ಟ ಪುಸ್ತಕ ಓದಿ ಹೇಳಿದ. ನಾನು ಸೀಟನ್ನು ಹಿಂದಕ್ಕೆ ತಳ್ಳಿ, ಬೆನ್ನು ಆನಿಸಿ, ಎದೆಯ ಮುಂದೆ ಗೇಣು ಹಾಕಿದೆ. ನನ್ನ ಕಿರುಬೆರಳು ನೆಟ್ಟಗೇ ಇದೆ. ಆದರೂ ಉಂಗುರಬೆರಳಿನವರೆಗೆ ಅಳೆದು, ಒಂದು ಬೆರಳು ಸೇರಿಸಿದೆ.