ಬಿಗಿ ನಿಲ್ಲದ ಭುಜ

2023ರಲ್ಲಿ ನಾನು ಬಸವನಗುಡಿಯ ಒಂದು ಮಧ್ಯಮ ಗಾತ್ರದ ಆಸ್ಪತ್ರೆಯಲ್ಲಿ ಮೂಳೆ ಶಸ್ತ್ರಚಿಕಿತ್ಸಾ ವಿಭಾಗದ ಮುಖ್ಯಸ್ಥೆಯಾಗಿದ್ದೆ. ನಿವೃತ್ತಿ ಹತ್ತಿರವಾಗಿತ್ತು. ಮಂಡಿ, ಸೊಂಟ, ಭುಜ ಎಂದು ಅಷ್ಟೊಂದು ಕೀಲುಗಳನ್ನು ಬದಲಿಸಿದ ಮೇಲೆ ಇನ್ನು ನನ್ನನ್ನು ಬೆಚ್ಚಿಬೀಳಿಸುವಂಥದ್ದು ಏನಿದೆ ಎಂಬ ಜಂಬವೂ ಸ್ವಲ್ಪ ಇತ್ತು. ಆ ಜಂಬವನ್ನು ಇಳಿಸಿದವರು ಚಾಮರಾಜಪೇಟೆಯ ಗಿರಿಜಮ್ಮ.

ಗಿರಿಜಮ್ಮ ನನ್ನ ರೋಗಿಯಲ್ಲ, ರೋಗಿಯ ಹೆಂಡತಿ. ರೋಗಿ ಗುರುಶಾಂತಪ್ಪನವರು. ಎಪ್ಪತ್ತು ದಾಟಿದವರು, ಸುಲ್ತಾನ್‌ಪೇಟೆಯಲ್ಲಿ ತಲೆಮಾರುಗಳಿಂದ ಮದುವೆ ಕಾರ್ಡಿನ ಅಂಗಡಿ ನಡೆಸಿದ ಮನೆತನ. ಅವರ ಎಡಭುಜದ ಕೀಲು ಪೂರ್ತಿ ಸವೆದುಹೋಗಿತ್ತು. ಕೈ ಎದೆಯ ಮಟ್ಟಕ್ಕೂ ಏಳುತ್ತಿರಲಿಲ್ಲ. ಅದರ ಜೊತೆಗೆ ಹೃದಯವೂ ದುರ್ಬಲ. ಒಂದು ಅನಸ್ತೇಷಿಯಾ ತಡೆದುಕೊಳ್ಳಬಹುದು, ಎರಡನೆಯದು ಬೇಡವೇ ಬೇಡ ಎಂದು ಹೃದಯ ತಜ್ಞರು ಎಚ್ಚರಿಸಿದ್ದರು.

"ಬಲಗೈ ಚೆನ್ನಾಗೇ ಇದೆಯಲ್ಲ, ಈ ವಯಸ್ಸಲ್ಲಿ ಎಡಗೈಗೆ ಆಪರೇಷನ್ ಯಾಕೆ ಬೇಕು?" ಎಂದು ಕೇಳಿದೆ.

ಅವರು ಕೊರಳಲ್ಲಿದ್ದ ಬೆಳ್ಳಿಯ ಕರಡಿಗೆಯನ್ನು ಮುಟ್ಟಿ ತೋರಿಸಿದರು. "ಇಷ್ಟಲಿಂಗ ಎಡ ಅಂಗೈ ಮೇಲೇ ಇರ್ಬೇಕು ಡಾಕ್ಟ್ರೇ. ಕಣ್ಣೆದುರಿಗೆ ಹಿಡ್ಕೊಂಡು ಪೂಜೆ ಮಾಡ್ಬೇಕು. ಈಗ ಇವಳು ನನ್ನ ಕೈ ಕೆಳಗೆ ಅವಳ ಕೈ ಕೊಟ್ಟು ಎತ್ತಿ ಹಿಡೀತಾಳೆ. ಪಾಪ, ಅವಳಿಗೂ ಮಂಡಿ ನೋವು, ಎಷ್ಟೊತ್ತು ಅಂತ ನಿಲ್ತಾಳೆ? ನನ್ನ ಪೂಜೆ ನಾನೇ ಮಾಡ್ಕೊಳ್ಳೋ ಹಾಗೆ ಮಾಡ್ಕೊಡಿ, ಸಾಕು."

ಪಕ್ಕದಲ್ಲಿ ಕುಳಿತಿದ್ದ ಗಿರಿಜಮ್ಮ, "ನಾನೇನು ಬೇಜಾರು ಅಂದ್ನಾ?" ಎಂದು ಗೊಣಗಿದರು.

ಆಗ ನಮ್ಮಲ್ಲಿ ಪ್ರಯೋಗದ ಹಂತದಲ್ಲಿದ್ದ ಒಂದು ಸ್ಮಾರ್ಟ್ ಇಂಪ್ಲಾಂಟ್ ಇತ್ತು. ಭುಜವೆಂದರೆ ಒಂದು ಬಟ್ಟಲು, ಅದರಲ್ಲಿ ಕೂರುವ ಒಂದು ಗುಂಡು. ಕೃತಕ ಕೀಲಿನಲ್ಲಿ ಇವೆರಡರ ನಡುವಿನ ಬಿಗಿಯೇ ಮುಖ್ಯ. ಬಿಗಿ ಹೆಚ್ಚಾದರೆ ಕೈ ಏಳುವುದಿಲ್ಲ, ಕಡಿಮೆಯಾದರೆ ಗುಂಡು ಬಟ್ಟಲಿನಿಂದ ಜಾರುತ್ತದೆ. ಸಾಮಾನ್ಯ ಇಂಪ್ಲಾಂಟಿನಲ್ಲಿ ಈ ಬಿಗಿಯನ್ನು ಆಪರೇಷನ್ ಟೇಬಲ್ಲಿನ ಮೇಲೆ ಅಂದಾಜಿನಿಂದ ನಿರ್ಧರಿಸುತ್ತೇವೆ. ಅಂದಾಜು ತಪ್ಪಿದರೆ ಮತ್ತೆ ಕೊಯ್ಯಬೇಕು. ಈ ಹೊಸದರ ಒಳಗೆ ಒಂದು ತಿರುಪು, ಅದಕ್ಕೊಂದು ಪುಟ್ಟ ಅಯಸ್ಕಾಂತ. ಹೊರಗಿನಿಂದ ಭುಜದ ಮೇಲೆ ಒಂದು ಯಂತ್ರ ಹಿಡಿದರೆ ಅದರೊಳಗಿನ ಅಯಸ್ಕಾಂತ ಸುತ್ತುತ್ತದೆ, ಒಳಗಿನ ತಿರುಪೂ ಸುತ್ತುತ್ತದೆ. ಗಾಯವಿಲ್ಲ, ನೋವಿಲ್ಲ. ಬಿಗಿ ಎಷ್ಟಿದೆ ಎಂಬುದನ್ನು ಒಳಗಿನ ಸೆನ್ಸರ್ ನಮ್ಮ ಕಂಪ್ಯೂಟರಿಗೆ ತಿಳಿಸುತ್ತದೆ. ಎರಡನೆಯ ಅನಸ್ತೇಷಿಯಾ ತಾಳಲಾರದ ಗುರುಶಾಂತಪ್ಪನವರಿಗೆ ಹೇಳಿ ಮಾಡಿಸಿದಂತಿತ್ತು.

ಆಪರೇಷನ್ ಚೆನ್ನಾಗಿ ಆಯಿತು. ಹೊಲಿಗೆ ಒಣಗಿದ ಮೇಲೆ ಯಂತ್ರ ಹಿಡಿದು ಮೊದಲ ಸಲ ಬಿಗಿ ಹೊಂದಿಸಿದೆ. ಗಿರಿಜಮ್ಮ ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಏನು ಮಾಡುತ್ತಿದ್ದೇನೆಂದು ಅವರಿಗೆ ವಿವರವಾಗಿ ಹೇಳಿದೆ. ಎಂಆರ್‌ಐ ಕೋಣೆಯ ಹತ್ತಿರ ಹೋಗಬಾರದು, ದೊಡ್ಡ ಸ್ಪೀಕರಿಗೆ ಒರಗಬಾರದು ಎಂದೂ ಹೇಳಿದೆ. ಎಲ್ಲದಕ್ಕೂ ತಲೆಯಾಡಿಸಿದರು.

ಮುಂದಿನ ವಾರ ಕಂಪ್ಯೂಟರ್ ನೋಡಿದೆ. ಬಿಗಿ ಅರ್ಧಕ್ಕರ್ಧ ಇಳಿದಿತ್ತು. ಮತ್ತೆ ಬಿಗಿ ಮಾಡಿ ಕಳಿಸಿದೆ. ಇನ್ನೊಂದು ವಾರಕ್ಕೆ ಮತ್ತೆ ಸಡಿಲ. ಕಂಪನಿಯ ಎಂಜಿನಿಯರ್‌ಗೆ ಫೋನ್ ಮಾಡಿದರೆ, "ಮೇಡಂ, ಅದು ತಾನಾಗೇ ತಿರುಗೋಕೆ ಚಾನ್ಸೇ ಇಲ್ಲ, ನಿಮ್ಮ ರೀಡಿಂಗ್ ತಪ್ಪಿರ್ಬೇಕು" ಎಂದ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ಕೈ ಎತ್ತಿದಾಗ ಗುಂಡು ಲಟಕ್ಕೆಂದು ಸರಿಯುವುದು ನನ್ನ ಬೆರಳಿಗೇ ತಿಳಿಯುತ್ತಿತ್ತು. ನಾಲ್ಕನೆಯ ಸಲವೂ ಹಾಗೆಯೇ ಆದಾಗ ನನಗೆ ನಿಜಕ್ಕೂ ಹೆದರಿಕೆಯಾಯಿತು. ಗುಂಡು ಪೂರ್ತಿ ಜಾರಿದರೆ ನರಕ್ಕೆ, ರಕ್ತನಾಳಕ್ಕೆ ಪೆಟ್ಟು, ಕೈಯೇ ಹೋಗಬಹುದು. ತೆಗೆದು ಬೇರೆ ಹಾಕಲು ಹೊರಟರೆ ಜೀವಕ್ಕೇ ಅಪಾಯ. ಅತ್ತ ದರಿ, ಇತ್ತ ಪುಲಿ. ಕೊನೆಗೆ ಹೃದಯ ತಜ್ಞರೊಂದಿಗೆ ಕೂತು ಮಾತಾಡಿ, ಇಂಪ್ಲಾಂಟ್ ಹೊರತೆಗೆಯುವುದೆಂದು ತೀರ್ಮಾನಿಸಿದೆವು. ಗುರುಶಾಂತಪ್ಪನವರು ವಾರ್ಡಿಗೆ ದಾಖಲಾದರು.

ಆಪರೇಷನ್ನಿನ ಹಿಂದಿನ ದಿನ ಮಧ್ಯಾಹ್ನ ಅವರ ಕೋಣೆಗೆ ಹೋದೆ. ಅವರು ಕಣ್ಣು ಮುಚ್ಚಿ ಮಲಗಿದ್ದರು. ಗಿರಿಜಮ್ಮ ನನಗೆ ಬೆನ್ನು ಹಾಕಿ ಕುಳಿತು, ಚಪಾತಿ ಲಟ್ಟಿಸುವವರಂತೆ ಗಂಡನ ಭುಜದ ಮೇಲೆ ಏನನ್ನೋ ಉರುಳಿಸುತ್ತಿದ್ದರು. ನನ್ನ ಹೆಜ್ಜೆಯ ಸದ್ದಿಗೆ ಅದನ್ನು ಪಕ್ಕದ ಮೇಜಿನ ಮೇಲಿಟ್ಟರು. ಮೇಜಿನ ಮೇಲಿದ್ದ ಕತ್ತರಿ ಸರ್ರನೆ ಜಾರಿಬಂದು ಟಕ್ಕೆಂದು ಅದಕ್ಕೆ ಅಂಟಿಕೊಂಡಿತು.

ನಾನು ಹತ್ತಿರ ಹೋಗಿ ನೋಡಿದೆ. ಲಾಲ್‌ಬಾಗಿನ ಗೇಟಿನ ಹೊರಗೆ ಬೆಳಗಿನ ವಾಕಿಂಗಿನವರಿಗೆ ಮಾರುತ್ತಾರಲ್ಲ, ಸುತ್ತ ಅಯಸ್ಕಾಂತದ ಗುಂಡಿಗಳನ್ನು ಕೂರಿಸಿದ ಮಸಾಜ್ ರೋಲರ್, ಅದು.

"ಅಮ್ಮಾ, ಏನು ಮಾಡ್ತಿದೀರಿ ನೀವು?" ಎಂದೆ.

"ನೀವು ಮಾಡೋದನ್ನೇ ಡಾಕ್ಟ್ರೇ. ಅಯಸ್ಕಾಂತ ಹಿಡಿದ್ರೆ ಸರಿಹೋಗುತ್ತೆ ಅಂತ ನೀವೇ ತೋರಿಸಿದ್ರಲ್ಲ? ನೀವು ವಾರಕ್ಕೊಂದ್ಸಲ ಮಾಡ್ತೀರಿ. ನಾನು ದಿನಾ ಮಾಡಿದ್ರೆ ಬೇಗ ವಾಸಿ ಆಗುತ್ತೆ ಅಂತ. ನನ್ನ ಮಂಡಿಗೆ ಅಂತ ತಗೊಂಡಿದ್ದು ಇತ್ತು."

"ಯಾವ ಕಡೆಗೆ ಉರುಳಿಸ್ತೀರಿ?"

"ಕತ್ತಿನ ಕಡೆಯಿಂದ ಕೆಳಕ್ಕೆ. ಮೇಲಕ್ಕೆ ಯಾರಾದ್ರೂ ಉಜ್ಜುತ್ತಾರಾ? ನೋವು ಇಳೀಬೇಕಲ್ವಾ?"

ಕೆಳಕ್ಕೆ ಉರುಳಿದಷ್ಟೂ ತಿರುಪು ಸಡಿಲವಾಗುತ್ತಿತ್ತು. ನಾನು ಬಿಗಿ ಮಾಡಿದ್ದನ್ನೆಲ್ಲ ಈ ತಾಯಿ ಪ್ರೀತಿಯಿಂದ ಬಿಚ್ಚುತ್ತಿದ್ದರು. ಮಾರನೆಯ ದಿನ ಆ ದುರ್ಬಲ ಹೃದಯದ ಮನುಷ್ಯನನ್ನು ಇದಕ್ಕಾಗಿ ಕೊಯ್ಯಲು ಹೊರಟಿದ್ದೆನಲ್ಲ ಎಂದು ನೆನೆದು ಅಲ್ಲಿದ್ದ ಕುರ್ಚಿಯಲ್ಲಿ ಕುಳಿತುಬಿಟ್ಟೆ. ಗಿರಿಜಮ್ಮನಿಗೆ ವಿಷಯ ಬಿಡಿಸಿ ಹೇಳಿದೆ. ರೋಲರನ್ನು ನನ್ನ ಕೈಗೆ ಹಾಕಿ, "ಇನ್ನು ಇವರ ಭುಜ ನಾನು ಮುಟ್ಟಲ್ಲ" ಎಂದು ಅತ್ತರು. ಗುರುಶಾಂತಪ್ಪನವರು ಮಾತ್ರ ಬಿದ್ದು ಬಿದ್ದು ನಕ್ಕರು. "ಮದುವೆ ಆದಾಗಿಂದ ನನ್ನ ತಿರುಪು ಇವಳ ಕೈಲೇ ಇರೋದು ಡಾಕ್ಟ್ರೇ!"

ಆಪರೇಷನ್ ರದ್ದಾಯಿತು. ತಿರುಪನ್ನು ಇನ್ನೊಮ್ಮೆ ಹೊಂದಿಸಿದೆ, ಈ ಸಲ ಬಿಗಿ ನಿಂತಿತು. ಕೆಲವೇ ವಾರಗಳಲ್ಲಿ ಗುರುಶಾಂತಪ್ಪನವರು ಯಾರ ಆಸರೆಯೂ ಇಲ್ಲದೆ ಅಂಗೈಯನ್ನು ಕಣ್ಣೆದುರಿಗೆ ಹಿಡಿದು ಪೂಜೆ ಮಾಡತೊಡಗಿದರು. ರೋಲರಿನ ಕಥೆ ಕೇಳಿದ ಕಂಪನಿಯವರು ಮುಂದಿನ ಮಾದರಿಯಲ್ಲಿ ತಿರುಪಿಗೊಂದು ಬೀಗವನ್ನೇ ಅಳವಡಿಸಿದರು.

ಕಥೆ ಇಲ್ಲಿಗೆ ಮುಗಿದಿದ್ದರೆ ಇದನ್ನು ತಮಾಷೆಯ ಪ್ರಸಂಗವೆಂದು ಹೇಳಿಕೊಂಡು ತಿರುಗುತ್ತಿದ್ದೆ. ಮುಂದಿನ ವರ್ಷ ಒಂದು ಬೆಳಿಗ್ಗೆ ಗಿರಿಜಮ್ಮ ಫೋನ್ ಮಾಡಿದರು. "ಡಾಕ್ಟ್ರೇ, ಆ ಮಿಷನ್ ತಗೊಂಡು ಬೇಗ ಬಂದ್ಬಿಡಿ. ಇವರ ಕೈ ನಿಲ್ತಿಲ್ಲ." ಗುಂಡು ಜಾರಿತೆಂದೇ ತಿಳಿದು ಯಂತ್ರ ಎತ್ತಿಕೊಂಡು ಆಟೋ ಹತ್ತಿದೆ.

ಮನೆಯ ಮುಂದೆ ರಾಶಿ ಚಪ್ಪಲಿಗಳಿದ್ದವು. ಒಳಗೆ ನಡುಮನೆಯಲ್ಲಿ ಗುರುಶಾಂತಪ್ಪನವರನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆ ತುಂಬ ವಿಭೂತಿ, ಕೊರಳ ತುಂಬ ಹಾರ. ನಸುಕಿನಲ್ಲಿ ಹೃದಯ ನಿಂತುಹೋಗಿತ್ತು. ಅವರ ಪದ್ಧತಿಯಂತೆ ದೇಹವನ್ನು ಕೂತ ಭಂಗಿಯಲ್ಲೇ, ಎಡ ಅಂಗೈಯಲ್ಲಿ ಇಷ್ಟಲಿಂಗವಿಟ್ಟು ಸಮಾಧಿ ಮಾಡುತ್ತಾರೆ. ಎದೆಯ ಮಟ್ಟಕ್ಕೆ ಎತ್ತಿಟ್ಟ ಕೈ ಮತ್ತೆ ಮತ್ತೆ ತೊಡೆಗೆ ಜಾರುತ್ತಿತ್ತು. ಯಂತ್ರ ಹಿಡಿದುಕೊಂಡು ಹೊಸ್ತಿಲಲ್ಲೇ ನಿಂತುಬಿಟ್ಟೆ.

ಗಿರಿಜಮ್ಮ ಎದ್ದು ಬಂದರು. "ಸ್ವಲ್ಪ ಬಿಗಿ ಮಾಡಿ ಡಾಕ್ಟ್ರೇ. ಈ ಸಲ ನಾನು ಮುಟ್ಟಿಲ್ಲ. ಆಣೆಗೂ ಮುಟ್ಟಿಲ್ಲ."

ಸ್ನಾಯುಗಳೇ ಹಿಡಿತ ಬಿಟ್ಟ ಮೇಲೆ ತಿರುಪಿನಿಂದ ಏನೂ ಆಗುವುದಿಲ್ಲವೆಂದು ನನಗೆ ಗೊತ್ತಿತ್ತು. ಅದನ್ನು ಹೇಳಲು ಮನಸ್ಸು ಬರಲಿಲ್ಲ. ಅಷ್ಟು ಜನರೆದುರು ತಣ್ಣಗಿದ್ದ ಆ ಭುಜದ ಮೇಲೆ ಯಂತ್ರ ಹಿಡಿದು ತಿರುಪು ಬಿಗಿ ಮಾಡಿದೆ. ಕೈಯನ್ನು ಎತ್ತಿ ನಿಲ್ಲಿಸಿ ಬಿಟ್ಟೆ. ಅದು ಮೆಲ್ಲಗೆ ಮತ್ತೆ ಇಳಿಯಿತು.

"ನನ್ನ ಕೈಲಾಗ್ತಿಲ್ಲಮ್ಮ. ನೀವೇ ಮುಟ್ಟಿ," ಎಂದೆ.

ಗಿರಿಜಮ್ಮ ಗಂಡನ ಪಕ್ಕ ಮಂಡಿಯೂರಿ, ಅವರ ಕೈ ಕೆಳಗೆ ತಮ್ಮ ಕೈ ಕೊಟ್ಟು ಎತ್ತಿ ಹಿಡಿದರು. ಕ್ರಿಯೆ ನಡೆಸಲು ಬಂದಿದ್ದ ಅಯ್ಯನವರು ಕರಡಿಗೆ ತೆರೆದು ಅಂಗೈಯ ಮೇಲೆ ಲಿಂಗವಿಟ್ಟರು. ಕೈ ಅಲುಗಲಿಲ್ಲ.

ನಿವೃತ್ತಿಯ ನಂತರವೂ ವಾರಕ್ಕೆರಡು ದಿನ ರೋಗಿಗಳನ್ನು ನೋಡುತ್ತೇನೆ. ಯಾವ ಇಂಪ್ಲಾಂಟಿನ ಬಗ್ಗೆಯೂ ವಿವರಿಸುವುದಕ್ಕೆ ಮೊದಲು ಒಂದು ಪ್ರಶ್ನೆ ಕೇಳುವುದನ್ನು ಈ ಕೆಲಸ ನನಗೆ ಕಲಿಸಿದೆ. ಅದನ್ನು ರೋಗಿಯನ್ನಲ್ಲ, ಜೊತೆಗೆ ಬಂದವರನ್ನು ಕೇಳುತ್ತೇನೆ: "ಮನೇಲಿ ಇವರ ಕೈ ಹಿಡಿಯೋರು ಯಾರು?"