ಅವ್ವನ ಪಥ್ಯ

ನಮ್ಮ ಅಪ್ಪಗ ತನಗ ಮರಾಠಿ ಬರ್ತದಂತ ಭಾಳ ಸೊಕ್ಕು. ನಮ್ಮೂರು ತಡವಳದಾಗ ಯಾರಿಗೆ ಸಂಸ್ಥಾನದ ಕಚೇರಿ ಕೆಲಸ ಬಿದ್ರೂ ಅಪ್ಪನ್ನ ಮುಂದ ಮಾಡಿಕೊಂಡು ಅಕ್ಕಲಕೋಟಿಗೆ ಹೋಗವ್ರು. ಹಿಂಗಾಗಿ ಅವ್ವನ ಕಣ್ಣಿನ ಪೊರಿ, ಅದೇ ಮೋತಿಬಿಂದು, ತಗಸಾಕ ಸೊಲ್ಲಾಪುರದ ದವಾಖಾನಿಗೆ ಹೋದಾಗ ಡಾಕ್ಟರ ಜೋಡಿ ಮಾತಾಡಿದಾಂವ ಅಪ್ಪನೇ. ಡಾಕ್ಟರ ಉತ್ತರದ ಕಡಿಯಾಂವ, ಹಿಂದುಸ್ತಾನಿ ಬಿಟ್ಟು ಬ್ಯಾರೆ ಮಾತು ಬರ್ತಿರಲಿಲ್ಲ. ಹೊಂಟಾಗ "ಮೀಠಾ ಬಂದ್, ಮೀಠಾ ಬಂದ್" ಅಂತ ಬೆರಳೆತ್ತಿ ಹೇಳಿದ್ನಂತ. ಅಪ್ಪ ಕೈಮುಗದು ಬಂದ. ಮರಾಠಿಯೊಳಗ ಮೀಠ ಅಂದ್ರ ಉಪ್ಪು.

ಕಂದಲಗಾಂವಕ್ಕ ಕೊಟ್ಟಿದ್ದ ನನ್ನನ್ನ ಅವ್ವನ ಆರೈಕಿಗೆ ಕರಸಿದ್ರು. ಸಾರು, ಪಲ್ಯ ಎಲ್ಲಾ ಸಪ್ಪಗ. "ಕಣ್ಣು ಬೇಕೋ, ನಾಲಿಗಿ ರುಚಿ ಬೇಕೋ?" ಅಂತ ಅಪ್ಪ ಒಲಿ ಮುಂದ ಕುಂತು ಗದರಸಾಂವ. ಅವ್ವಗ ಸಪ್ಪನ ಊಟ ಗಂಟಲಾಗ ಇಳಿಯವಲ್ದು. ಉಪವಾಸ ಕೆಡವಾಕ ಆಗ್ತದೇನು? ಅಪ್ಪ ಸಂತಿಯಿಂದ ಬೆಲ್ಲ ತಂದ. ರೊಟ್ಟಿ ಮುರದು, ಬೆಲ್ಲ-ತುಪ್ಪ ಹಚ್ಚಿ ತನ್ನ ಕೈಯಾರೆ ತಿನಿಸಾಕ ಸುರು ಮಾಡಿದ. ಹೆಂಡತಿ ಬಾಯಿಗೆ ಅಪ್ಪ ತುತ್ತಿಡೂದನ್ನ ನಾ ಹಿಂದ ಯಾವತ್ತೂ ಕಂಡಿರಲಿಲ್ಲ. "ಮಗಳ ಮುಂದ ಏನಿದು, ಅಯ್ಯ!" ಅಂತ ಅವ್ವ ನಾಚತಿದ್ಲು. ಆದ್ರೂ ಬಾಯಿ ತಗೀತಿದ್ಲು.

ಕಣ್ಣೇನೋ ಬಂತು. ನನ್ನ ಸೀರಿ ಬಣ್ಣ ತಾನೇ ಹೇಳಿದ್ಲು. ಆದ್ರ ಎದ್ದು ನಿಂತ್ರ ತಲಿ ಗರ್ರಂತ ತಿರಗತಿತ್ತು. ಅಂಗಳ ಉಡಗಾಕ ಹೋದಾಕಿ ಕಸಬರಗಿ ಹಿಡಕೊಂಡೇ ಕುಂತುಬಿಡಾಕಿ. ಎಷ್ಟು ಕುಡದ್ರೂ ನೀರಡಿಕಿ. ಕಾಲಾಗೊಂದು ಸಣ್ಣ ಗಾಯ, ಅದೂ ಮಾಯವಲ್ದು. ನಾವು ದೃಷ್ಟಿ ತಗದ್ವಿ. ಅಪ್ಪ "ಮೈಯಾಗ ಶಕ್ತಿ ಇಲ್ಲ" ಅಂತ ಬೆಲ್ಲ ಹೆಚ್ಚು ಮಾಡಿದ.

ಸುಗ್ಗಿಯಾಗ ಅಪ್ಪಗ ಹೊಲ ಬಿಟ್ಟು ಬರಾಕ ಆಗಲಿಲ್ಲ. ನಾನೇ ಅವ್ವನ್ನ ರೈಲಿನಾಗ ಸೊಲ್ಲಾಪುರಕ್ಕ ಕರಕೊಂಡು ಹೋದೆ. ಡಾಕ್ಟರ ಉಚ್ಚಿ ತಪಾಸ ಮಾಡಿ ಸಿಟ್ಟಿಗೆದ್ದ. ಅಲ್ಲಿಯ ನರ್ಸಬಾಯಿ ಅವನ ಮಾತು ನಮಗ ತಿಳಿಸಿದ್ಲು: "ಈಕಿಗೆ ಸಕ್ಕರಿ ಬ್ಯಾನಿ ಅದ. ಸಿಹಿ ಬಂದ್ ಅಂದ್ರೂ ಯಾಕ ಕೊಟ್ರಿ?" "ಬಂದ್ ಅಂದದ್ದು ಉಪ್ಪಲ್ಲೇನ್ರಿ?" ಅಂದೆ. "ಮೀಠಾ ಅಂದ್ರ ಸಿಹಿ, ಅಷ್ಟೂ ಗೊತ್ತಿಲ್ಲೇನು?"

ಅಪ್ಪನ ಮ್ಯಾಲ ಬೆಂಕಿಯಂಥಾ ಸಿಟ್ಟು ಬಂತು. "ಮನಿಗೆ ಹೋಗಿ ಆ ಮರಾಠಿ ಸೊಕ್ಕು ಇಳಸ್ತೀನಿ" ಅಂದೆ.

ಅವ್ವ ನನ್ನ ಕೈ ಗಟ್ಟಿ ಹಿಡದ್ಲು. "ನಿಮ್ಮಪ್ಪಗ ಹೇಳಬ್ಯಾಡ. ಕೈಯಾರೆ ತಿನಿಸ್ಯಾನ. ಇದು ತಿಳದ್ರ ಅಂವ ಬದುಕಂಗಿಲ್ಲ." ಅಲ್ಲೇ ನನ್ನ ಕಡಿಂದ ಆಣಿ ಮಾಡಸಿಕೊಂಡ್ಲು.

ಹೊಸಾ ಔಷಧಕ್ಕ ಬ್ಯಾರೆ ಪಥ್ಯ ಅಂತ ಅಪ್ಪಗ ಹೇಳಿ ಬೆಲ್ಲ ಬಿಡಸಿದ್ವಿ, ಉಪ್ಪು ಹಾಕಿದ್ವಿ. ಆಗ ಆ ಬ್ಯಾನಿಗೆ ನಮ್ಮಂಥವರಿಗೆ ಬಾಯಿ ಕಟ್ಟೂದೇ ಔಷಧ. ಆದ್ರ ಕಾಲಿನ ಗಾಯ ಮ್ಯಾಲಕ್ಕೇರಿತ್ತು. ಮಳಿ ಬೀಳೂದ್ರೊಳಗ ಅವ್ವ ಹೋದ್ಲು.

ಮಾತಾಡಸಾಕ ಬಂದವ್ರ ಮುಂದೆಲ್ಲಾ ಅಪ್ಪಂದು ಒಂದೇ ಮಾತು: "ಡಾಕ್ಟರ ಬ್ಯಾಡ ಅಂದಾಗ ಒಂದು ಹರಳು ಉಪ್ಪು ಮುಟ್ಟಸಲಿಲ್ರಿ. ಅಷ್ಟು ಕಟ್ಟುನಿಟ್ಟು ಪಥ್ಯ ಮಾಡಿದೆ." ನಾ ಎದ್ದು ಒಳಗ ಹೋಗತಿದ್ದೆ. ನನ್ನ ಸಿಟ್ಟೂ ಸತ್ತಿತ್ತು, ಬರೇ ಸಂಕಟ ಉಳದಿತ್ತು.

ಒಂದಿನ ಯಾರೂ ಇರಲಿಲ್ಲ. ಅಪ್ಪ ನನ್ನ ಕಡೆ ತಿರಗಿದ.

"ಯವ್ವಾ, ದವಾಖಾನಿಗೆ ನೀ ಹೋಗಿದ್ದೆಲ್ಲ. ಆಕಿಗೆ ತಲಿ ಯಾಕ ತಿರಗತಿತ್ತು ಅಂತ ಡಾಕ್ಟರ ಏನಂದ?"

"ಅವಗೂ ತಿಳೀಲಿಲ್ಲಪ್ಪಾ" ಅಂದೆ.