ಟೊಕಿಯೆ ಅಕ್ಕನ ಬಟ್ಟಲ ಮುಚ್ಚಳ

ಜಪಾನಿನ ಬಂದರೂರು ಹಕೊಡಾಟೆಯ ನಮ್ಮ ಎಲೆಕ್ಟ್ರಾನಿಕ್ ರಾಕ್ ಬ್ಯಾಂಡಿನ ಕೀಬೋರ್ಡ್ ವಾದಕ ಕುನಿಯೊ ಕಡಲಲ್ಲಿ ಕಾಣೆಯಾದ, ಬ್ಯಾಂಡ್ ಒಡೆಯಿತು. ಅವನಕ್ಕ ಟೊಕಿಯೆ ಮಾತ್ರ ವರ್ಷಗಟ್ಟಲೆ ದಿನವೂ ಅವನ ಪಾಲಿನ ಬಿಸಿಯನ್ನವನ್ನು ಬಟ್ಟಲಲ್ಲಿ ಮುಚ್ಚಿಡುತ್ತಿದ್ದಳು. ಮುಚ್ಚಳದೊಳಗೆ ಹನಿ ಕಟ್ಟಿದರೆ ದೂರ ಹೋದವರು ಬದುಕಿದ್ದಾರೆ ಅಂತ ನಮ್ಮಲ್ಲಿ ನಂಬಿಕೆ.

"ಬಿಸಿಯನ್ನ ಮುಚ್ಚಿಟ್ರೆ ಹನಿ ಕಟ್ಟದೆ ಚಿನ್ನ ಉದುರತ್ತಾ ಅಕ್ಕಾ?" ಎಂದು ನಾನು ರೇಗಿಸುತ್ತಿದ್ದೆ.

"ಬಾಯ್ಮುಚ್ಚೋ, ಡ್ರಮ್ ಬಡಿಯೋನೇ. ಅವನು ಬಂದೇ ಬರ್ತಾನೆ."

ಈ ಚಳಿಗಾಲ ಕುನಿಯೊ ಬಂದೇಬಿಟ್ಟ. "ಇನ್ನೊಂದು ಆಲ್ಬಮ್ ಮುಗಿಸೋದಕ್ಕೇ ಬಂದೆ" ಎಂದ. ಎಲ್ಲರೂ ಮತ್ತೆ ಸೇರಿ ಹೊಸ ಆಲ್ಬಮ್ಮಿನ ರೆಕಾರ್ಡಿಂಗಿಗೆ ಕೂತೆವು. ಮಧ್ಯಾಹ್ನ ಅಕ್ಕ ಹಬೆಯಾಡುವ ಅನ್ನವನ್ನು ಅಭ್ಯಾಸಬಲದಿಂದ ಮುಚ್ಚಿಯೇ ಅವನ ಮುಂದಿಟ್ಟಳು. ಅವಳೇ ಮುಚ್ಚಳ ತೆಗೆದರೆ ಒಳಗೆ ಒಂದು ಹನಿಯೂ ಇಲ್ಲ. ಕುನಿಯೊ ನಗುತ್ತ ಉಣ್ಣತೊಡಗಿದ.

ಒಣ ಮುಚ್ಚಳವನ್ನು ಏಪ್ರನ್ನಿನಲ್ಲಿ ಮರೆಮಾಡಿಕೊಂಡು ಅಕ್ಕ ನನ್ನ ಕಿವಿಯಲ್ಲಿ ಉಸುರಿದಳು: "ಆಲ್ಬಮ್ ಬೇಗ ಮುಗಿಸ್ಬೇಡ್ರೋ."